207ನೇ ಕೊಠಡಿಯ ವೈಫೈ ಸರಿಮಾಡಬಾರದೆಂದು ಕೋರಿ

ದಿನಾಂಕ: ಗುರುವಾರ, ಬೆಳಗಿನ ತಿಂಡಿಯಾದ ಮೇಲೆ

ಇಂದ,
ಕೊಠಡಿ ಸಂಖ್ಯೆ 207, ಕಿಟಕಿ ಪಕ್ಕದ ಮಂಚ,
ನಿವೃತ್ತ ಮೇಲ್ವಿಚಾರಕ, ಟೆಸ್ಟ್ ಡೆಸ್ಕ್, ಟೆಲಿಫೋನ್ ಎಕ್ಸ್‌ಚೇಂಜ್
(ಸಹೋದ್ಯೋಗಿಗಳ ಬಾಯಲ್ಲಿ ‘ಡಯಲ್ ಟೋನ್’)

ಗೆ,
ಮಾನ್ಯ ವ್ಯವಸ್ಥಾಪಕರು,
ಇದೇ ಹೋಟೆಲು, ನೆಲಮಹಡಿ, ಗಾಜಿನ ಬಾಗಿಲಿನ ಹಿಂದೆ.

ವಿಷಯ: ತಾವು ಕೇಳಿದ ಲಿಖಿತ ವಿವರಣೆ ಸಲ್ಲಿಸುವ ಬಗ್ಗೆ, ಹಾಗೂ ತಾವು ವಿಧಿಸಿದ ಶಿಕ್ಷೆಯನ್ನು ಕೂಟ ಮುಗಿಯುವ ಭಾನುವಾರದವರೆಗೆ ಮುಂದುವರಿಸುವ ಬಗ್ಗೆ.

ಉಲ್ಲೇಖ: 1. ನಿನ್ನೆ ಸಂಜೆ ಏಳಕ್ಕೆ ತಾವು ಬಾಗಿಲ ಸಂದಿಯಲ್ಲಿ ತಳ್ಳಿದ ಚೀಟಿ (“ಎರಡು ದಿನ ಇಡೀ ಹೋಟೆಲಿನ ಇಂಟರ್ನೆಟ್ ನಿಂತದ್ದಕ್ಕೆ ಕಾರಣ ಬರೆದು ಕೊಡುವುದು. ಅಲ್ಲಿಯವರೆಗೆ 207ರ ಲಾಗಿನ್ ತಡೆಹಿಡಿಯಲಾಗಿದೆ”).
2. ಅದಕ್ಕೂ ಮುಂಚೆ ಅರ್ಜಿದಾರನು ಮೂವತ್ತು ಜನರ ಬಾಗಿಲ ಸಂದಿಯಲ್ಲಿ ತಳ್ಳಿದ ಡೈರೆಕ್ಟರಿ.
3. ನಲವತ್ತೊಂದು ವರ್ಷದ ಹಿಂದಿನ ಒಂದು ಟ್ರಂಕ್ ಕಾಲ್.

ಮಾನ್ಯರೇ,

1. ಮೊದಲಿಗೆ ಒಂದು ಮಾತು. ಅರ್ಜಿಯಲ್ಲಿ ‘ನಾನು’ ಅಂತ ಬಂದರೆ ಅದು ಅರ್ಜಿಯಾಗುವುದಿಲ್ಲ, ಗೋಳಾಗುತ್ತದೆ ಎಂದು ಮೂವತ್ತೇಳು ವರ್ಷ ನಂಬಿ ಬದುಕಿದವನು ಈ ಅರ್ಜಿದಾರ. ಆದ್ದರಿಂದ ಇಲ್ಲಿ ಎಲ್ಲಾ ಕಡೆ ‘ಅರ್ಜಿದಾರ’ ಅಂತಲೇ ಇರುತ್ತದೆ. ಓದುತ್ತ ಓದುತ್ತ ತಮಗೆ ನಗು ಬಂದರೆ ಅರ್ಜಿದಾರನನ್ನು ನೋಡಿ ನಗಬಹುದು, ಅಭ್ಯಂತರವಿಲ್ಲ.

2. ಸದರಿ ಅರ್ಜಿದಾರನು ತಮ್ಮ ಹೋಟೆಲಿಗೆ ಭಾನುವಾರ ಮಧ್ಯಾಹ್ನ ಬಂದದ್ದು, ನಿವೃತ್ತ ಟೆಲಿಫೋನ್ ನೌಕರರ ಸಂಘದ ವಾರ್ಷಿಕ ಕೂಟಕ್ಕೆ. ಒಟ್ಟು ಮೂವತ್ತೊಂದು ಜನ. ಅರ್ಜಿದಾರನ ಜೊತೆ ಕೊಠಡಿ ಹಂಚಿಕೊಂಡವನು ಕೇಬಲ್ ಜೋಡಿಸುವ ಕೆಲಸದಿಂದ ನಿವೃತ್ತನಾದ ಹಳೆಯ ಗೆಳೆಯ. ಅವನನ್ನು ಎಲ್ಲರೂ ‘ಕೇಬಲ್’ ಅಂತಲೇ ಕರೆಯುತ್ತಾರೆ. ಈ ಅರ್ಜಿಯೂ ಹಾಗೇ ಕರೆಯುತ್ತದೆ. ಹೋಟೆಲು ಬೋಗುಣಿಯ ತಳದಲ್ಲಿ ಕಟ್ಟಿದ ಹಾಗಿದೆ. ಸುತ್ತ ಗುಡ್ಡ. ಮೊಬೈಲು ಸಿಗ್ನಲ್ ಬೇಕೆಂದರೆ ಹಿತ್ತಲಿನ ನೀರಿನ ಟ್ಯಾಂಕಿನ ಏಣಿ ಹತ್ತಬೇಕು. ಅರ್ಜಿದಾರನ ಮೊಣಕಾಲು ಅದಕ್ಕೆ ಮಂಜೂರಾತಿ ಕೊಡುವುದಿಲ್ಲ. ಆದ ಕಾರಣ ತಮ್ಮ ವೈಫೈಯೇ ಗತಿ.

3. ವೈಫೈ ಯಾಕೆ ಬೇಕಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅರ್ಜಿದಾರನಿಗೆ ಒಬ್ಬಳು ಅಕ್ಕ. ಅವಳೂ ಅದೇ ಎಕ್ಸ್‌ಚೇಂಜಿನವಳು. ದೂರದೂರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಮೂವತ್ತನಾಲ್ಕು ವರ್ಷ ಕೂತವಳು. ಆರು ವರ್ಷದ ಹಿಂದೆ ಅರ್ಜಿದಾರನ ಬೀಳ್ಕೊಡುಗೆ ಸಭೆಯಲ್ಲಿ ಅವಳನ್ನೂ ಎರಡು ಮಾತಾಡಲು ಕರೆದರು. ಅವಳು ಮೈಕ್ ಹಿಡಿದು, “ನನ್ ತಮ್ಮ ತುಂಬ ಶ್ರದ್ಧೆಯವನು. ನಿದ್ದೆ ಮಾಡುವಾಗಲೂ ಕಿವಿಯಿಂದ ಹೆಡ್‌ಫೋನ್ ತೆಗೀತಿರ್ಲಿಲ್ಲ” ಅಂದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅದು ನಿಜವಾದ ಮಾತಾದ್ದರಿಂದ ಅರ್ಜಿದಾರನಿಗೆ ತಡೆಯಲಾಗಲಿಲ್ಲ. ತನ್ನ ಸರದಿ ಬಂದಾಗ, “ಅಕ್ಕನಿಗೆ ನಿದ್ದೆ ಎಲ್ಲಿ ಬರಬೇಕು, ಊರಿನವರ ಮಾತೆಲ್ಲ ಕದ್ದು ಕೇಳೋದ್ರಲ್ಲೇ ಹೊತ್ತು ಹೋಗ್ತಿತ್ತು” ಅಂದುಬಿಟ್ಟ.

ಮಾನ್ಯರೇ, ಟ್ರಂಕ್ ಬೋರ್ಡಿನ ಹೆಂಗಸಿಗೆ ಆ ಮಾತು ಅನ್ನಬಾರದು. ಅಡುಗೆಯವನಿಗೆ ಎಂಜಲು ಬಡಿಸಿದೆ ಅಂದ ಹಾಗೆ. ಸಾಲದ್ದಕ್ಕೆ ಅರ್ಜಿದಾರ ಅಂದದ್ದು ಬಾಯಿಗೆ ಬಂದ ಮಾತೇ ಹೊರತು, ಅವನಿಗೆ ಗೊತ್ತಿದ್ದ ಮಾತಲ್ಲ. ಅವಳು ಚೀಲ ತೆಗೆದುಕೊಂಡು ಎದ್ದು ಹೋದಳು. ಅಲ್ಲಿಂದ ಇಲ್ಲಿಯವರೆಗೆ ಮಾತಿಲ್ಲ. ಅರ್ಜಿದಾರ ಬರುತ್ತಾನೆಂಬ ಒಂದೇ ಕಾರಣಕ್ಕೆ ಅವಳು ಆರು ಕೂಟಗಳಿಗೆ ಬರಲಿಲ್ಲ. ಅರ್ಜಿದಾರನ ಮನೆಯವರು ಮಾತ್ರ ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡುತ್ತಾರೆ. ಏನು ಮಾತಾಡುತ್ತಾರೆಂದು ಕೇಳಿದರೆ ‘ನಿಮ್ಮ ಇಲಾಖೆಯದಲ್ಲ’ ಎನ್ನುತ್ತಾರೆ.

4. ಹೋದ ವರ್ಷ ಅಕ್ಕನ ಮಗಳು ಇಬ್ಬರ ಟ್ಯಾಬ್ಲೆಟ್ಟಿಗೂ ಚದುರಂಗದ ಆ್ಯಪ್ ಹಾಕಿಕೊಟ್ಟಳು. ನಡುವೆ ನಿಂತು ಒಂದು ಕರಾರನ್ನೂ ಮಾಡಿಸಿದಳು: ಒಂದೇ ಆಟ, ಸೋತವರು ಮೊದಲು ಮಾತಾಡಬೇಕು. ಒಂದು ನಡೆಗೆ ಮೂರು ದಿನ ಅವಕಾಶ, ಮೀರಿದರೆ ಸೋಲು. ಆಟ ಹನ್ನೊಂದು ತಿಂಗಳು ನಡೆಯಿತು. ಭಾನುವಾರ ಸಂಜೆ ಆರು ಹತ್ತಕ್ಕೆ ಅಕ್ಕ ತನ್ನ ಕುದುರೆ ನಡೆಸಿ ದೊಡ್ಡ ತಪ್ಪು ಮಾಡಿದಳು. ಅರ್ಜಿದಾರನ ಆನೆ ನೇರ ಎಂಟನೇ ಮನೆಗೆ ಹೋದರೆ ಆಟ ಮುಗಿಯಿತು, ಚೆಕ್‌ಮೇಟ್. ಗಡುವು ಬುಧವಾರ ಸಂಜೆ ಆರು ಹತ್ತು.

5. ಸೋಮವಾರ ಬೆಳಿಗ್ಗೆ ತಮ್ಮ ವೈಫೈಗೆ ಲಾಗಿನ್ ಆಗಲು ಹೋದರೆ ಪರದೆಯ ಮೇಲೆ ಒಂದು ಪುಟ ಬಂತು. ಕೊಠಡಿ ಸಂಖ್ಯೆ ಕೇಳಿತು, ಕೊಟ್ಟಾಯಿತು. ಅತಿಥಿಯ ಹೆಸರು ಕೇಳಿತು, ಕೊಟ್ಟಾಯಿತು. ‘ತಪ್ಪು’ ಎಂದಿತು. ಅರವತ್ತಾರು ವರ್ಷ ಇಟ್ಟುಕೊಂಡ ಹೆಸರನ್ನು ತಪ್ಪು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಸ್ವಾಗತ ಕೌಂಟರಿನಲ್ಲಿ ಕೂರುವ ತಮ್ಮ ಮಹಿಳೆ ಕಂಪ್ಯೂಟರಿನಲ್ಲಿ ನೋಡಿ, ಸಂಘದವರು ಕಳಿಸಿದ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಹಿಂದೆ ‘ನಿವೃತ್ತ’ ಎಂದಿರುವುದರಿಂದ ಮೂವತ್ತೊಂದು ಜನರ ಹೆಸರೂ ‘ನಿವೃತ್ತ’ ಎಂದೇ ದಾಖಲಾಗಿದೆ ಎಂದು ತಿಳಿಸಿದರು. ಅದನ್ನು ಬರೆದ ಕೂಡಲೇ ಬಾಗಿಲು ತೆರೆಯಿತು. ಅರ್ಜಿದಾರನು ಅಕ್ಕನ ತಪ್ಪು ನಡೆಯನ್ನು ಕಣ್ಣಾರೆ ನೋಡಿದ್ದು ಆಗ.

6. ಹಾಗಾದರೆ ಆಗಲೇ ಆನೆ ನಡೆಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಬಲ್ ಕೂಡ ಅದನ್ನೇ ಕೇಳಿದ. ಗೆದ್ದ ಆಟವನ್ನು ಎರಡು ದಿನ ನಾಲಿಗೆಯ ಮೇಲಿಟ್ಟು ಚಪ್ಪರಿಸಬೇಕು ಎಂದು ಅರ್ಜಿದಾರ ಉತ್ತರ ಕೊಟ್ಟ. ಕೇಬಲ್ ಮಂಚದ ಮೇಲೆ ಕಾಲು ಚಾಚಿಕೊಂಡು, “ಸುಮ್ನಿರು ಮಾರಾಯ. ತಪ್ಪು ಮಾತಾಡಿದ್ದು ನೀನು, ಗೆದ್ದರೆ ಅವಳು ಬಂದು ಮಾತಾಡಿಸ್ಬೇಕು. ಅದಕ್ಕೇ ಕೈ ಏಳ್ತಿಲ್ಲ ನಿನಗೆ” ಅಂದ. ಕೇಬಲಿನ ಕೆಲಸವೇ ನೆಲ ಅಗೆದು ಒಳಗೆ ಎಲ್ಲಿ ತುಂಡಾಗಿದೆ ಎಂದು ಹುಡುಕುವುದು; ಅಭ್ಯಾಸಬಲ.

7. ಈಗ ಅಪರಾಧಕ್ಕೆ ಬರೋಣ. ತಮ್ಮ ವೈಫೈ ಪ್ರತಿಯೊಂದು ಯಂತ್ರಕ್ಕೂ ಒಂದು ನಂಬರು ಕೊಡುತ್ತದೆ, ಮನೆಯ ವಿಳಾಸ ಇದ್ದ ಹಾಗೆ. ಆದರೆ ಎರಡು ಗಂಟೆಗೆ ಮಾತ್ರ. ಎರಡು ಗಂಟೆಯಾದರೆ ಕಿತ್ತುಕೊಂಡು ಬೇರೆ ನಂಬರು ಕೊಟ್ಟು, ‘ಯಾರು ನೀನು, ಮತ್ತೆ ಲಾಗಿನ್ ಆಗು’ ಎನ್ನುತ್ತದೆ. ಮಧ್ಯಾಹ್ನದೊಳಗೆ ಮೂವತ್ತೊಂದು ಮುದುಕರೂ ತಲಾ ಮೂರು ಸಲ ‘ನಿವೃತ್ತ’ ಎಂದು ಬರೆದು ಸುಸ್ತಾಗಿದ್ದರು. ಒಂದೇ ದಿನದಲ್ಲಿ ಅಷ್ಟು ಸಲ ನಿವೃತ್ತರಾಗುವುದು ಯಾರಿಗೂ ಹಿತವಲ್ಲ.

ಕೆಟ್ಟ ಲೈನುಗಳನ್ನು ಪರೀಕ್ಷಿಸುವ ಟೆಸ್ಟ್ ಡೆಸ್ಕಿನವನ ಕಣ್ಣಿಗೆ ಕಾಯಿಲೆ ತಕ್ಷಣ ಕಂಡಿತು. ಇದು ತಾತ್ಕಾಲಿಕ ನೇಮಕಾತಿ! ಎರಡು ಗಂಟೆ ದುಡಿಸಿಕೊಂಡು ಮನೆಗೆ ಕಳಿಸಿ, ಮತ್ತೆ ಅರ್ಜಿ ಹಾಕು ಎನ್ನುವುದು. ಫೋನಿನ ನಂಬರು ಗಂಟೆಗೊಂದು ಬದಲಾದರೆ ಯಾರು ಯಾರಿಗೆ ಕರೆ ಮಾಡಬೇಕು? ಟ್ಯಾಬ್ಲೆಟ್ಟಿನ ಸೆಟ್ಟಿಂಗಿನಲ್ಲಿ ತಡಕಾಡಿದಾಗ, ನಂಬರನ್ನು ತಾನಾಗಿ ಪಡೆಯುವ ಬದಲು ನಾವೇ ಬರೆದುಕೊಳ್ಳುವ ಜಾಗ ಸಿಕ್ಕಿತು. ಆದ್ದರಿಂದ ಅರ್ಜಿದಾರನು ಯಾರ ಅಪ್ಪಣೆಯನ್ನೂ ಕೇಳದೆ ಮೂವತ್ತೊಂದು ಜನರನ್ನೂ ಖಾಯಂ ಮಾಡಿದ. ಒಂದರಿಂದ ಮೂವತ್ತೊಂದರವರೆಗೆ ನಂಬರು ಹಂಚಿ, ಡೈರೆಕ್ಟರಿ ಬರೆದು, ಎಲ್ಲರ ಬಾಗಿಲ ಕೆಳಗೆ ತಳ್ಳಿದ. ಬರೆದುಕೊಳ್ಳಲು ಬಾರದವರಿಗೆ ಕೊಠಡಿಗೇ ಹೋಗಿ ಬರೆದುಕೊಟ್ಟ. ತನ್ನದನ್ನು ಬರೆದುಕೊಳ್ಳುವಷ್ಟರಲ್ಲಿ ಮಲಗುವ ಹೊತ್ತಾಗಿತ್ತು.

ಹಂಚಿದ್ದು ಯಾವ ಆಧಾರದ ಮೇಲೆ? ಸೇವಾ ಹಿರಿತನದ ಮೇಲೆ. ನಮ್ಮಲ್ಲಿ ಕುರ್ಚಿ, ಫ್ಯಾನು, ಕಿಟಕಿ, ಕೊನೆಗೆ ಟೀ ಲೋಟ ಕೂಡ ಸೀನಿಯಾರಿಟಿ ಪ್ರಕಾರವೇ ಬರುತ್ತಿದ್ದದ್ದು. ಬಂದವರಲ್ಲಿ ಅತಿ ಹಿರಿಯ ಅರ್ಜಿದಾರ. ಕಾರಣ 192.168.1.1 ಎಂಬ ನಂಬರನ್ನು ಅವನು ತಾನೇ ಇಟ್ಟುಕೊಂಡ. ಕೇಬಲಿಗೆ ಎರಡನೆಯದು. ಎರಡನೆಯದು ಸಿಕ್ಕಿದ್ದಕ್ಕೆ ಕೇಬಲ್ ಸೋಮವಾರ ರಾತ್ರಿ ಊಟಕ್ಕೂ ಬೇಜಾರಿನಲ್ಲೇ ಕೂತಿದ್ದ.

8. ಮಂಗಳವಾರ ಬೆಳಿಗ್ಗೆ ಇಡೀ ಹೋಟೆಲಿನ ನೆಟ್ ಸತ್ತಿತು. ನಮ್ಮವರದು ಮಾತ್ರವಲ್ಲ, ಮೂರನೇ ಮಹಡಿಯ ವ್ಯಾಪಾರಿಗಳದು, ಮದುಮಕ್ಕಳದು, ತಮ್ಮ ಕಚೇರಿಯದು ಕೂಡ. ಅರ್ಜಿದಾರನು ಟ್ಯಾಬ್ಲೆಟ್ ಕೈಯಲ್ಲಿ ಹಿಡಿದು, ಐದೈದು ನಿಮಿಷಕ್ಕೆ ಒತ್ತಿ ನೋಡುತ್ತ, ಸ್ವಾಗತ ಕೌಂಟರಿನ ಮುಂದೆ ನಿಂತು, ಇದೆಂಥ ಹೋಟೆಲು, ಇದಕ್ಕೊಬ್ಬ ಮ್ಯಾನೇಜರು ಬೇರೆ ಕೇಡು ಎಂದು ತಮ್ಮನ್ನು ಬಾಯಿಗೆ ಬಂದ ಹಾಗೆ ಬೈದದ್ದು ನಿಜ. ಆ ಬೈಗುಳಗಳಲ್ಲಿ ಮೂರನ್ನು ಈ ಮೂಲಕ ಹಿಂದಕ್ಕೆ ಪಡೆಯಲಾಗಿದೆ. ನಾಲ್ಕನೆಯದು ಬೆಳಗಿನ ಕಾಫಿಯ ಬಗ್ಗೆ. ಅದು ಹಾಗೇ ಇರಲಿ.

9. ಬುಧವಾರ ತಾವು ಕರೆಸಿದ ಕಂಪ್ಯೂಟರ್ ರಿಪೇರಿಯ ಹೆಂಗಸು ಬಂದರು. ಕೊರಳಿಗೆ ದಾರದಲ್ಲಿ ಕನ್ನಡಕ, ಕೈಯಲ್ಲಿ ಸಣ್ಣ ನೋಟ್ ಬುಕ್ಕು, ಮಾತು ಕಡಿಮೆ. ಅಂಥವರು ನಮ್ಮ ಟೆಸ್ಟ್ ಡೆಸ್ಕಿನಲ್ಲಿ ಇರಬೇಕಿತ್ತು. ಮೂರು ಗಂಟೆ ತಂತಿ, ಪೆಟ್ಟಿಗೆ, ಪ್ಲಗ್ಗು ಎಲ್ಲ ನೋಡಿದರು. ಏನೂ ದೋಷವಿಲ್ಲ. ಮೂರು ಹತ್ತಕ್ಕೆ ನೆಟ್ ಇದ್ದಕ್ಕಿದ್ದ ಹಾಗೆ ಬಂತು. ಮೂರು ನಲವತ್ತಕ್ಕೆ ಹೋಯಿತು. ಅವರು ಎರಡೂ ಹೊತ್ತನ್ನು ಬರೆದುಕೊಂಡು, ಹಿಂದಿನ ದಿನ ಯಾವಾಗ ಬಂದಿತ್ತು ಎಂದು ಸ್ವಾಗತದ ಮಹಿಳೆಯನ್ನು ಕೇಳಿದರು. ಮಂಗಳವಾರವೂ ಮೂರು ಹತ್ತಕ್ಕೇ ಬಂದು ಮೂರು ನಲವತ್ತಕ್ಕೇ ಹೋಗಿತ್ತು. ಆ ಅರ್ಧ ಗಂಟೆಯಲ್ಲಿ ಹೋಟೆಲಿನಲ್ಲಿ ಏನು ನಡೆಯುತ್ತದೆ ಎಂದು ಅವರು ಮತ್ತೆ ಕೇಳಿದಾಗ, ಸ್ವಾಗತದ ಮಹಿಳೆ ಸ್ವಲ್ಪ ಯೋಚಿಸಿ, ಏನೂ ಇಲ್ಲ, ಆ ಹೊತ್ತಿನಲ್ಲಿ ಮಾತ್ರ 207ರ ಹಿರಿಯರು ಬೈಯಲು ಕೆಳಗೆ ಬರುವುದಿಲ್ಲ, ಸ್ನಾನಕ್ಕೆ ಹೋಗಿರುತ್ತಾರೆ ಎಂದರಂತೆ.

10. ಅರ್ಜಿದಾರ ತಲೆ ಒರೆಸಿಕೊಳ್ಳುತ್ತ ಕೂತಿದ್ದಾಗ ಅವರು ಬಾಗಿಲು ತಟ್ಟಿದರು. ಟ್ಯಾಬ್ಲೆಟ್ ಕೇಳಿ, ನಂಬರು ನೋಡಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

“ಸರ್, ಈ ನಂಬರ್ ಯಾರು ಕೊಟ್ಟಿದ್ದು?”

“ನಾನೇ.”

“ಇದೇ ಯಾಕೆ?”

“ಸೀನಿಯಾರಿಟಿ.”

ಅವರು ಕೇಬಲಿನ ಮಂಚದ ತುದಿಯಲ್ಲಿ ಕೂತುಬಿಟ್ಟರು. ಆಮೇಲೆ, ಮಕ್ಕಳಿಗೆ ಹೇಳುವ ಹಾಗಲ್ಲ, ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನಿಗೆ ಹೇಳುವ ಹಾಗೆ ಹೇಳಿದರು: “ಒಂದನೇ ನಂಬರು ನಮ್ಮ ಪೆಟ್ಟಿಗೇದು ಸರ್. ಈ ಹೋಟೆಲಲ್ಲಿ ಯಾರು ಹೊರಗೆ ಹೋಗ್ಬೇಕಾದ್ರೂ ಆ ಬಾಗಿಲಿಂದಾನೇ ಹೋಗ್ಬೇಕು. ನೀವು ಆ ಬಾಗಿಲಿನ ನಂಬರನ್ನ ನಿಮ್ಮ ರೂಮಿಗೆ ಅಂಟಿಸ್ಕೊಂಡಿದೀರಿ. ಟ್ಯಾಬ್ಲೆಟ್ ಎಚ್ಚರ ಇದ್ದಾಗೆಲ್ಲ ಇಡೀ ಹೋಟೆಲು ಬಂದು ನಿಮ್ಮ ಬಾಗಿಲು ಬಡೀತಿದೆ.”

ಮಾನ್ಯರೇ, ಅರ್ಜಿದಾರನಿಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. ಎಕ್ಸ್‌ಚೇಂಜಿನ ಸ್ವಂತ ನಂಬರನ್ನೇ ತನ್ನ ಮನೆಯ ಫೋನಿಗೆ ಕಟ್ಟಿಕೊಂಡವನು ಅವನು. ಅವನ ಕಾಲದಲ್ಲಿ ಬೇರೆ ಯಾರಾದರೂ ಇದನ್ನು ಮಾಡಿದ್ದರೆ ಅವನೇ ಎರಡು ಪುಟ ವರದಿ ಬರೆದು ಮೇಲಕ್ಕೆ ಕಳಿಸುತ್ತಿದ್ದ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಅನ್ನುತ್ತಾರಲ್ಲ, ಇಲ್ಲಿ ಕೋತಿ ವನಕ್ಕೆ ಡೈರೆಕ್ಟರಿಯನ್ನೂ ಹಂಚಿತ್ತು. ಕೇಬಲ್ ಗೋಡೆ ಕಡೆ ತಿರುಗಿ ಮಲಗಿದ. ಅವನ ಬೆನ್ನು ಅಲುಗುತ್ತಿದ್ದದ್ದನ್ನು ನೋಡಿದರೆ ಅಳುತ್ತಿದ್ದ ಹಾಗೆ ಕಾಣಲಿಲ್ಲ.

11. ಆಕೆ ಟ್ಯಾಬ್ಲೆಟ್ಟನ್ನು, ಮೇಷ್ಟ್ರು ಕವಣೆ ಕಿತ್ತುಕೊಂಡ ಹಾಗೆ, ಎಲ್ಲ ಸರಿಹೋದ ಮೇಲೆ ಕೊಡುತ್ತೇನೆಂದು ತೆಗೆದುಕೊಂಡು ಹೋದರು. ಗಡುವಿನ ವಿಷಯ ಆಗಲೇ ಹೇಳಬೇಕಿತ್ತು. ಆದರೆ ಯಾವ ಮುಖ ಇಟ್ಟುಕೊಂಡು? ಅವರು ಡೈರೆಕ್ಟರಿ ಹಿಡಿದು ಮಿಕ್ಕ ಮೂವತ್ತು ಜನರ ಖಾಯಮಾತಿಯನ್ನೂ ಒಂದೊಂದಾಗಿ ರದ್ದು ಮಾಡುತ್ತ ಬಂದರು. ಐದು ಐವತ್ತಕ್ಕೆ ಸ್ವಾಗತ ಕೌಂಟರಿನಲ್ಲಿ ಟ್ಯಾಬ್ಲೆಟ್ ವಾಪಸು ಕೊಟ್ಟು, ಅದೇ ಕೈಯಲ್ಲಿ ಪೆಟ್ಟಿಗೆಯ ಪ್ಲಗ್ಗು ಕಿತ್ತರು. ಹಳೆಯದೆಲ್ಲ ಮರೆತು ಎಲ್ಲರಿಗೂ ಹೊಸ ನಂಬರು ಹಂಚಲು ಪೆಟ್ಟಿಗೆಗೆ ಅರ್ಧ ಗಂಟೆ ಬೇಕು ಎಂದರು.

ಅರ್ಧ ಗಂಟೆ ಎಂದರೆ ಆರು ಇಪ್ಪತ್ತು. ಗಡುವು ಆರು ಹತ್ತು.

ಅರ್ಜಿದಾರ ಆಗ ಬಾಯಿ ಬಿಟ್ಟ. ಆಟ, ಅಕ್ಕ, ಆರು ವರ್ಷ, ಎಲ್ಲವನ್ನೂ ಪ್ಲಗ್ಗು ಹಿಡಿದ ಹೆಂಗಸಿಗೆ ಒಂದೇ ಉಸಿರಿನಲ್ಲಿ ಹೇಳಿದ. ಅವರ ಮುಖ ಸಣ್ಣದಾಯಿತು. ಮತ್ತೆ ಪ್ಲಗ್ಗು ಹಾಕಿದರೂ ಪೆಟ್ಟಿಗೆಯ ಹೊತ್ತು ಪೆಟ್ಟಿಗೆಗೆ ಬೇಕೇ ಬೇಕು ಎಂದರು. ಕೇಬಲ್ ಮಾತ್ರ ಕೌಂಟರಿನ ಮೂಲೆಗೆ ಕೈ ತೋರಿಸಿ, “ಅಗೋ ಅಲ್ಲಿ” ಅಂದ. ಹೂದಾನಿಯ ಹಿಂದೆ ತಮ್ಮ ಹೋಟೆಲಿನ ಹಳೆಯ ತಂತಿ ಫೋನು. ಸ್ವಾಗತದ ಮಹಿಳೆ ಹೂದಾನಿ ಸರಿಸಿದರು. ಆಕೆಗೂ ಆ ಫೋನು ಕೆಲಸ ಮಾಡುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ಅರ್ಜಿದಾರ ರಿಸೀವರ್ ಎತ್ತಿ ಕಿವಿಗೆ ಹಿಡಿದ. ಡಯಲ್ ಟೋನ್ ಇತ್ತು. ಅಷ್ಟು ಒಳ್ಳೆಯ ಡಯಲ್ ಟೋನನ್ನು ಅವನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಅಕ್ಕನ ಮನೆಯ ನಂಬರು ಯಾರನ್ನೂ ಕೇಳಬೇಕಿರಲಿಲ್ಲ. ಆ ಲೈನನ್ನು ಕಂಬದಿಂದ ಮನೆಗೆ ಎಳೆಸಿ ಪರೀಕ್ಷೆ ಮಾಡಿದವನೇ ಅವನು. ಮೂರನೇ ರಿಂಗಿಗೆ ಎತ್ತಿದಳು.

“ಹೇಳಿ.”

“ಆನೆ, ಎಂಟನೇ ಮನೆಗೆ.”

ಆ ಕಡೆಯಿಂದ ಟ್ರಂಕ್ ಬೋರ್ಡಿನ ಅದೇ ದನಿ: “ಯಾರು ಮಾತಾಡ್ತಿರೋದು?”

“ನಾನು.”

“ಈ ಲೈನಲ್ಲಿ ಬರೋರೆಲ್ಲ ನಾನು ಅಂತಾನೇ ಅಂತಾರೆ.”

“ನಿನ್ ತಮ್ಮ, ಅಕ್ಕ.”

ಅವಳು ಟ್ಯಾಬ್ಲೆಟ್ ತರಲು ಹೋದದ್ದು, ಕುರ್ಚಿ ಎಳೆದದ್ದು, ನೋಡಿದ್ದು, ಎಲ್ಲ ಕೇಳಿಸಿತು. “ಹೌದು ಕಣೋ, ಮುಗೀತು ನನ್ನ ರಾಜನ ಕತೆ” ಅಂದಳು. “ಆದ್ರೆ ಸೋತವರು ಮೊದಲು ಮಾತಾಡ್ಬೇಕು ಅಂತಲ್ವಾ ಇದ್ದಿದ್ದು? ಗೆದ್ದವನೂ ನೀನೇ, ಮಾತಾಡಿದವನೂ ನೀನೇ. ಒಂದು ಕೆಲಸವನ್ನಾದ್ರೂ ನಿಯಮದ ಪ್ರಕಾರ ಮಾಡಿದೀಯಾ ನೀನು?”

ತಂತಿ ಸರಿಯಿತ್ತು, ದೋಷ ಅರ್ಜಿದಾರನದೇ. ಆರು ವರ್ಷದಿಂದ ಒಳಗೇ ಇದ್ದದ್ದನ್ನು ಹೊರಗೆ ಹಾಕಿದ. “ಅವತ್ತು ಸಭೇಲಿ ಅಂದೆನಲ್ಲ, ಅದು ಸುಳ್ಳು. ನೀನು ಯಾರ ಮಾತನ್ನೂ ಕದ್ದು ಕೇಳಿದವಳಲ್ಲ. ತಪ್ಪಾಯ್ತು.”

“ಕೇಳಿದೀನಿ,” ಅಂದಳು ಅಕ್ಕ. “ಒಂದೇ ಒಂದು ಸಲ.”

12. ಇಲ್ಲಿ ಉಲ್ಲೇಖ 3ನ್ನು ನೋಡತಕ್ಕದ್ದು. ನಲವತ್ತೊಂದು ವರ್ಷದ ಹಿಂದೆ ಅರ್ಜಿದಾರನು ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ, ಒಂದು ಶಾಲೆಯ ಟೀಚರಿಗೆ ಟ್ರಂಕ್ ಕಾಲ್ ಮಾಡಿದ್ದ. ಆಗೆಲ್ಲ ಮೂರು ನಿಮಿಷಕ್ಕೆ ಬೋರ್ಡಿನವರು ಲೈನು ಕಡಿಯುತ್ತಿದ್ದರು. ಮದುವೆಯಾಗುತ್ತೀರಾ ಎಂದು ಕೇಳಲು ಮಾಡಿದ ಕರೆಯದು. ಅರ್ಜಿದಾರ ಆ ಮೂರು ನಿಮಿಷವನ್ನೂ ಬಿಸಿಲು, ಶಾಲೆಯ ಗಂಟೆ ಮತ್ತು ಅಲ್ಲಿನ ಕಾವಲುಗಾರನ ಮಂಡಿನೋವಿಗೆ ವೆಚ್ಚ ಮಾಡಿದ. ಆದರೆ ಅವತ್ತು ಲೈನು ಕಡಿಯಲಿಲ್ಲ. ಐದನೇ ನಿಮಿಷದಲ್ಲಿ ಕೇಳಬೇಕಾದ್ದನ್ನು ಕೇಳಿದ. ಆ ಟೀಚರೇ ಈಗ ಅರ್ಜಿದಾರನ ಮನೆಯವರು.

“ನಿನ್ ದನಿ ಗುರುತು ಸಿಕ್ತು, ಅದಕ್ಕೇ ಕೇಳ್ತಾ ಕೂತೆ,” ಅಂದಳು ಅಕ್ಕ. “ಮೂರು ನಿಮಿಷ ಆಯ್ತು, ಈ ಪೆದ್ದ ಇನ್ನೂ ಮಂಡಿನೋವಲ್ಲೇ ಇದಾನೆ. ಕಡೀಬೇಕಾದ ಕೈ ಕಡೀಲಿಲ್ಲ. ಮಾರನೇ ದಿನ ನೀನು ಏನು ಮಾಡಿದೆ ನೆನಪಿದ್ಯಾ?”

ನೆನಪಿತ್ತು. ಮೂರು ನಿಮಿಷಕ್ಕೆ ಲೈನು ಕಡಿಯದೆ ಇರುವುದು ಗಂಭೀರ ತಾಂತ್ರಿಕ ದೋಷವಾದ ಕಾರಣ, ಕರ್ತವ್ಯನಿಷ್ಠ ಅರ್ಜಿದಾರನು ಲಿಖಿತ ದೂರು ಕೊಟ್ಟಿದ್ದ. ಬೋರ್ಡಿನಲ್ಲಿ ಯಾರಿದ್ದರೋ ಅವರಿಂದ ವಿವರಣೆ ಕೇಳಬೇಕೆಂದೂ ಬರೆದಿದ್ದ.

“ನನಗೆ ಮೆಮೋ ಬಂತು,” ಅಂದಳು. “ಇನ್ನೂ ಇದೆ. ನಿನ್ನ ಬೀಳ್ಕೊಡುಗೆ ದಿನ ಕೊನೇಲಿ ಓದಿ ನಗಿಸೋಣ ಅಂತ ಚೀಲದಲ್ಲಿ ಇಟ್ಕೊಂಡೇ ಬಂದಿದ್ದೆ. ನೀನು ಅಷ್ಟರೊಳಗೆ ಬಾಯಿ ಬಿಟ್ಟೆ.”

ಅರ್ಜಿದಾರ ನಗುತ್ತಿದ್ದನೋ ಏನೋ, ಸ್ವಾಗತದ ಮಹಿಳೆ ಕರವಸ್ತ್ರ ಕೊಟ್ಟದ್ದಂತೂ ಹೌದು. ಅಷ್ಟರಲ್ಲಿ ಆ ಕಡೆ ಅಕ್ಕನ ಟ್ಯಾಬ್ಲೆಟ್ ಟಿಂಗ್ ಎಂದಿತು. ಆರು ಹತ್ತಾಗಿತ್ತು, ನಡೆ ಬಾರದ ಕಾರಣ ಅವಳೇ ಗೆದ್ದಳೆಂದು ಆ್ಯಪ್ ಘೋಷಿಸಿತ್ತು. ಆದ್ದರಿಂದ ದಾಖಲೆಯ ಪ್ರಕಾರ ಸೋತವನು ಅರ್ಜಿದಾರ, ಮೊದಲು ಮಾತಾಡಿದವನೂ ಅರ್ಜಿದಾರ. ಕರಾರು ಅಕ್ಷರಶಃ ಪಾಲನೆಯಾಗಿದೆ. ಅಕ್ಕ ಮಾತ್ರ ಅದನ್ನು ಒಪ್ಪದೆ, ಆನೆಯ ನಡೆಯೇ ಅಂತಿಮ ಎಂದು ವಾದ ಶುರುಮಾಡಿದಳು. ಆ ವಾದ ಏಳು ಗಂಟೆಯವರೆಗೆ ನಡೆಯಿತು. ಮೂರು ನಿಮಿಷಕ್ಕೆ ಯಾರೂ ಕಡಿಯಲಿಲ್ಲ.

13. ಅಕ್ಕ ನಾಳೆ ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದಾಳೆ. ಆ ಮೆಮೋವನ್ನು ಕೂಟದಲ್ಲಿ ಎಲ್ಲರ ಮುಂದೆ ಓದುವುದಾಗಿ ಎಚ್ಚರಿಕೆ ಕೊಟ್ಟಿದ್ದಾಳೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮಾನ್ಯರಲ್ಲಿ ವಿನಂತಿಸುವುದೇನೆಂದರೆ: 207ರ ಲಾಗಿನ್ ತಡೆಯನ್ನು ದಯವಿಟ್ಟು ತೆರವು ಮಾಡಬಾರದು. ಅಕ್ಕ ಬರುವವರೆಗೆ, ಅಂದರೆ ಇವತ್ತೊಂದು ಸಂಜೆ, ಆರು ಗಂಟೆಯಿಂದ ಫೋನಿಗೆ ಕೈ ಎಟುಕುವಂತೆ ಹೂದಾನಿಯನ್ನು ಬೇರೆ ಕಡೆ ಇಡಿಸಬೇಕು. ಅಕ್ಕನಿಗೆ ಕೊಡುವ ಕೊಠಡಿಯಲ್ಲೂ ವೈಫೈ ಕೆಟ್ಟಿದೆಯೆಂದು ಹೇಳಿಸಬೇಕು. ಆಕೆ ಟ್ಯಾಬ್ಲೆಟ್ ತರುತ್ತಿದ್ದಾಳೆ. ಸಿಕ್ಕಿಬಿಟ್ಟರೆ ಇಬ್ಬರೂ ಎದುರು ಬದುರು ಕೂತು ಹನ್ನೊಂದು ತಿಂಗಳು ಬಾಯಿ ಬಿಡದೆ ಆಡುವ ಜಾತಿ.

ಇನ್ನು ಮುಂದೆ ಯಾರಿಗೂ ನಂಬರು ಹಂಚುವುದಿಲ್ಲವೆಂದು ಮಾತು ಕೊಡುವ,

ತಮ್ಮ ವಿಶ್ವಾಸಿ,
(ಸಹಿ)
207, ಕಿಟಕಿ ಪಕ್ಕದ ಮಂಚ

ಅಡಕಗಳು:
1. ಡೈರೆಕ್ಟರಿ, ರದ್ದಾದದ್ದು, ಒಂದು ಪ್ರತಿ.
2. ರಿಪೇರಿಯ ಹೆಂಗಸು ಬರೆದುಕೊಂಡ ಸ್ನಾನದ ವೇಳಾಪಟ್ಟಿ.
3. ಎರಡನೇ ನಂಬರು ಕೊಟ್ಟದ್ದರ ಬಗ್ಗೆ ಕೇಬಲಿನ ಪ್ರತ್ಯೇಕ ತಕರಾರು (ಅವನೇ ಸೇರಿಸಿದ್ದು).
4. ಕರವಸ್ತ್ರ, ಒಗೆದದ್ದು, ಸ್ವಾಗತದ ಮಹಿಳೆಗೆ.

ಪ್ರತಿ: ಅಕ್ಕನಿಗೆ, ಕೂಟ ಮುಗಿದ ಮೇಲೆ ಮಾತ್ರ, ಮಾಹಿತಿಗಾಗಿ ಮತ್ತು ನಗುವುದಕ್ಕಾಗಿ.

ವಿಶೇಷ ಸೂಚನೆ: ಸೇವೆಗೆ ಸೇರಿದ ದಿನಾಂಕ ನೋಡಿದರೆ ಅಕ್ಕ ಅರ್ಜಿದಾರನಿಗಿಂತ ಎರಡು ವರ್ಷ ಹಿರಿಯಳು. ಒಂದನೇ ನಂಬರು ನ್ಯಾಯವಾಗಿ ಅವಳದಾಗಿತ್ತು. ಈ ವಿಷಯ ಅವಳ ಕಿವಿಗೆ ಬಿದ್ದರೆ ಕೇಳದೆ ಬಿಡುವವಳಲ್ಲ. ಆದ ಕಾರಣ ಶುಕ್ರವಾರ ಬೆಳಗಿನ ಬಸ್ಸು ಬರುವುದರೊಳಗೆ ತಮ್ಮ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಬೇಕಾಗಿ ಕೋರಿಕೆ.